ಮೆಮೊರಿ ಪುಟಗಳನ್ನು ರ‍್ಯಾಮ್‌ನಲ್ಲೇ ಹಿಡಿದಿಡುವ ಬಗೆ

ರ‍್ಯಾಮ್ ಸಾಲದೆ ಬಂದಾಗ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು), ಕೆಲಕಾಲದಿಂದ ಬಳಕೆಯಾಗದ ಪುಟಗಳನ್ನು, ಅಂದರೆ ಮೆಮೊರಿಯ ನಿಗದಿತ ಗಾತ್ರದ ತುಂಡುಗಳನ್ನು, ಡಿಸ್ಕಿನ ಸ್ವಾಪ್ ಜಾಗಕ್ಕೆ ಸಾಗಿಸುತ್ತದೆ. ಹೆಚ್ಚಿನ ಪ್ರೋಗ್ರಾಮುಗಳಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಗುಪ್ತಕೀಲಿಯಿರುವ ಪುಟ ಡಿಸ್ಕಿಗೆ ಹೋದರೆ ಪ್ರೋಗ್ರಾಮ್ ಮುಗಿದ ಮೇಲೂ ಅದರ ಪ್ರತಿ ಅಲ್ಲಿ ಉಳಿದಿರಬಹುದು. ಧ್ವನಿ ಸಂಸ್ಕರಣೆಯಂತಹ ಗಡುವಿನ ಕೆಲಸದಲ್ಲಿ ಪುಟ ಮರಳಿ ಬರುವಷ್ಟರಲ್ಲಿ ಗಡುವೇ ಮೀರಿರುತ್ತದೆ.

ಲಿನಕ್ಸ್‌ನಲ್ಲಿ ಪುಟ ಹೀಗೆ ಡಿಸ್ಕಿಗೆ ಹೋಗದಂತೆ ತಡೆಯಲು ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕರೆ ಎಂಲಾಕ್ (mlock). ವಿಳಾಸವನ್ನೂ ಉದ್ದವನ್ನೂ ಕೊಟ್ಟರೆ ಆ ವ್ಯಾಪ್ತಿಯ ಪುಟಗಳೆಲ್ಲ ರ‍್ಯಾಮ್‌ಗೆ ಬಂದು, ಬಿಡಿಸುವವರೆಗೆ ಅಲ್ಲೇ ಇರುತ್ತವೆ. ಲಾಕ್ ಬೀಳುವುದು ಇಡೀ ಪುಟಕ್ಕೆ ಎಂಬುದನ್ನು ಮರೆಯಬಾರದು: ಪುಟದ ಗಾತ್ರ 4096 ಬೈಟ್ ಇದ್ದರೆ, 32 ಬೈಟಿನ ಕೀಲಿಗೂ ಅಷ್ಟೂ ಜಾಗ ಹಿಡಿಯುತ್ತದೆ. ಇದಕ್ಕಿಂತ ತೊಡಕಿನ ಸಂಗತಿಯೆಂದರೆ, ಒಂದೇ ಪುಟಕ್ಕೆ ಎರಡು ಬಾರಿ ಹಾಕಿದ ಲಾಕ್ ಲಾಕ್ ಬಿಡಿಸುವ ಒಂದೇ ಮನ್‌ಲಾಕ್ (munlock) ಕರೆಗೆ ಬಿಟ್ಟುಹೋಗುವುದರಿಂದ, ಅಕ್ಕಪಕ್ಕದ ಎರಡು ಕೀಲಿಗಳು ಒಂದೇ ಪುಟದಲ್ಲಿದ್ದರೆ ಒಂದನ್ನು ಬಿಡಿಸಿದಾಗ ಇನ್ನೊಂದೂ ರಕ್ಷಣೆ ಕಳೆದುಕೊಳ್ಳುತ್ತದೆ. ಆದ್ದರಿಂದ ಗುಪ್ತ ಮಾಹಿತಿಗೆ ಮೆಮೊರಿ ಕೇಳಿ ಪಡೆಯುವ ಎಂಮ್ಯಾಪ್ (mmap) ಕರೆಯ ಮೂಲಕ ಪ್ರತ್ಯೇಕ ಪುಟಗಳನ್ನೇ ಪಡೆಯುವುದು ಒಳ್ಳೆಯದು.

ಮೊದಲು ಲಾಕ್ ಮಾಡಿ, ಆಮೇಲೆ ಕೀಲಿಯನ್ನು ಬರೆಯಬೇಕು. ಬಿಡಿಸುವ ಮುನ್ನ ಅಳಿಸಬೇಕು. ಅಳಿಸಲು ಮೆಮೊರಿಗೆ ಒಂದೇ ಮೌಲ್ಯ ತುಂಬುವ ಮೆಮ್‌ಸೆಟ್ (memset) ಒಂದನ್ನೇ ನೆಚ್ಚಿಕೊಂಡರೆ, ಮುಂದೆ ಯಾರೂ ಓದದ ಬರಹವೆಂದು ಕಂಪೈಲರ್ ಅದನ್ನು ಕೈಬಿಡುವ ಸಾಧ್ಯತೆಯಿದೆ. ಹಾಗೆ ಕೈಬಿಡದಂತೆ ಅಳಿಸಲೆಂದೇ ಎಕ್ಸ್‌ಪ್ಲಿಸಿಟ್ ಬಿಜೀರೊ (explicit_bzero) ಇದೆ.

ಕರೆಯ ಫಲಿತಾಂಶವನ್ನು ಪರೀಕ್ಷಿಸದೆ ಮುಂದುವರಿಯುವುದು ನನ್ನ ದೃಷ್ಟಿಯಲ್ಲಿ ಲಾಕ್ ಮಾಡದೇ ಇರುವುದಕ್ಕೆ ಸಮ. ವಿಶೇಷ ಅಧಿಕಾರವಿಲ್ಲದ ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಮ್) ಲಾಕ್ ಮಾಡಬಹುದಾದ ಮೆಮೊರಿಗೆ ಮಿತಿಯಿದೆ, ಅದು ಮೀರಿದರೆ ಕರೆ ವಿಫಲವಾಗುತ್ತದೆ. ಬಹುಕಾಲ 64 ಕಿಲೋಬೈಟ್ ಇದ್ದ ಈ ಡೀಫಾಲ್ಟ್ ಮಿತಿ ಕರ್ನಲ್ 5.16ರಲ್ಲಿ 8 ಮೆಗಾಬೈಟಿಗೆ ಏರಿತು.

ಗಡುವಿನ ಕೆಲಸಕ್ಕೆ, ಪ್ರಕ್ರಿಯೆಯ ಎಲ್ಲ ಪುಟಗಳನ್ನೂ ಲಾಕ್ ಮಾಡಬಲ್ಲ ಎಂಲಾಕ್‌ಆಲ್ (mlockall) ಸೂಕ್ತ. ಈಗಿರುವ ಪುಟಗಳ ಜೊತೆಗೆ ಮುಂದೆ ಬರುವವುಗಳನ್ನೂ ಲಾಕ್ ಮಾಡಲು ಇದಕ್ಕೆ ಹೇಳಬಹುದು. ಆದರೆ ಆಗ ಮಿತಿ ಮುಟ್ಟಿದೊಡನೆ ಹೊಸ ಮೆಮೊರಿಯ ಬೇಡಿಕೆಯೇ ವಿಫಲವಾಗತೊಡಗುತ್ತದೆ.

ಪ್ರಕ್ರಿಯೆಯ ನಕಲು ಮಾಡುವ ಫೋರ್ಕ್ (fork) ಕರೆಯಿಂದ ಹುಟ್ಟಿದ ಮಗು ಪ್ರಕ್ರಿಯೆಗೆ ಲಾಕ್ ಬಳುವಳಿಯಾಗಿ ಬರುವುದಿಲ್ಲವಾದ್ದರಿಂದ ಅಲ್ಲಿ ಮತ್ತೆ ಲಾಕ್ ಮಾಡಬೇಕು. ಲಾಕ್ ನಿಜಕ್ಕೂ ಬಿದ್ದಿದೆಯೇ ಎಂಬುದನ್ನು ಪ್ರಕ್ರಿಯೆಗಳ ವಿವರ ತೋರಿಸುವ ಪ್ರೋಕ್ (/proc) ಕಡತವ್ಯವಸ್ಥೆಯಲ್ಲಿ ಆಯಾ ಪ್ರಕ್ರಿಯೆಯ ಸ್ಟೇಟಸ್ (status) ಕಡತದ ವಿಎಂಲಾಕ್ (VmLck) ಸಾಲು ತೋರಿಸುತ್ತದೆ. ಇಷ್ಟೆಲ್ಲ ಮಾಡಿದರೂ, ಲ್ಯಾಪ್‌ಟಾಪ್ ಹೈಬರ್ನೇಟ್ ಆಗುವಾಗ (ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ ಪೂರ್ತಿ ಆರುವಾಗ) ರ‍್ಯಾಮ್‌ನಲ್ಲಿರುವುದೆಲ್ಲ, ಲಾಕ್ ಆದ ಪುಟಗಳೂ ಸೇರಿ, ಡಿಸ್ಕಿಗೆ ಬರೆಯಲ್ಪಡುತ್ತದೆ. ಅದನ್ನು ತಡೆಯುವುದು ಎಂಲಾಕ್‌ನ ಕೆಲಸವಲ್ಲ, ಅದಕ್ಕೆ ಸ್ವಾಪ್ ಜಾಗವನ್ನೇ ಗೂಢಲಿಪೀಕರಿಸಬೇಕು.