ಎಳೆದು ಕೂರಿಸುವ ಮುನ್ನ: ಕಬಡ್ಡಿ ಅಂಕಣದ ಪಕ್ಕದಿಂದ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ರಾತ್ರಿ ನಡೆಯುವ ಕಬಡ್ಡಿ ಪಂದ್ಯಗಳಿಗೆ ಫಿಸಿಯೋಥೆರಪಿಸ್ಟ್ ಆಗಿ ಹನ್ನೆರಡು ವರ್ಷಗಳಿಂದ ಹೋಗುತ್ತಿದ್ದೇನೆ. ಚೀಲದಲ್ಲಿ ಐಸ್, ತ್ರಿಕೋನದ ಬಟ್ಟೆ, ಹತ್ತಿ ಮತ್ತು ಕತ್ತರಿ ಇರಲೇಬೇಕು. ಕತ್ತರಿ ಜೆರ್ಸಿಗಾಗಿ. ಭುಜಕ್ಕೆ ಪೆಟ್ಟು ಬಿದ್ದವನ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದರೆ ನೋವು ಇಮ್ಮಡಿಯಾಗುತ್ತದೆ.

ಕಳೆದ ವರ್ಷದ ಪಂದ್ಯವೊಂದರಲ್ಲಿ ಹತ್ತೊಂಬತ್ತರ ರೈಡರ್ ನಡುಗೆರೆ ಮುಟ್ಟಲು ಬಲಗೈ ಚಾಚಿದ. ಇಬ್ಬರು ಸೊಂಟ ಹಿಡಿದರು, ಮೂರನೆಯವನು ಚಾಚಿದ ಕೈಯ ಮೇಲೆಯೇ ಬಿದ್ದ. ಹುಡುಗ ಎದ್ದು ಕುಳಿತಾಗ ಎಡಗೈಯಲ್ಲಿ ಬಲ ಮೊಣಕೈಯನ್ನು ಹಿಡಿದುಕೊಂಡಿದ್ದ. ತೋಳು ಮೈಗೆ ಅಂಟದೆ ತುಸು ದೂರ ನಿಂತಿತ್ತು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಜೆರ್ಸಿ ಕತ್ತರಿಸಿ ಎರಡೂ ಭುಜಗಳನ್ನು ಹೋಲಿಸಿದೆ. ಎಡದ್ದು ಗುಂಡಗಿತ್ತು. ಬಲದ್ದು ಪೆಟ್ಟಿಗೆಯ ಮೂಲೆಯಂತೆ ಚೂಪಾಗಿತ್ತು, ಅದರ ಕೆಳಗೆ ಬೆರಳು ಇಳಿಯುವಷ್ಟು ಗುಳಿ. ತೋಳುಮೂಳೆಯ ಗುಂಡು ಮುಂದಕ್ಕೆ ಜಾರಿತ್ತು. ಭುಜದ ಕೀಲು ತಪ್ಪಿದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಅದು ಜಾರುವುದು ಮುಂದಕ್ಕೇ. ಫಿಟ್ಸ್ (ಸೆಳೆತ) ಬಂದವರಲ್ಲಿ, ಪಂಪ್‌ಸೆಟ್ಟಿನ ಕರೆಂಟ್ ಹೊಡೆದವರಲ್ಲಿ ಹಿಂದಕ್ಕೆ ಜಾರುವುದುಂಟು. ಆಗ ಮುಂದಿನಿಂದ ತೆಗೆದ ಎಕ್ಸ್‌ರೇ ಒಂದನ್ನೇ ನಂಬಬಾರದು.

"ಎಳೆದು ಕೂರಿಸಿಬಿಡಿ ಸಾರ್" ಎಂದು ಸುತ್ತ ನಿಂತವರು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಎಂದೂ ಒಪ್ಪುವುದಿಲ್ಲ. ಕೀಲಿನ ಜೊತೆ ಮೂಳೆಯೂ ಮುರಿದಿದ್ದರೆ ಎಳೆತ ಅದನ್ನು ಇನ್ನಷ್ಟು ಕೆಡಿಸುತ್ತದೆ, ನರ ಮತ್ತು ರಕ್ತನಾಳಗಳಿಗೂ ಅಪಾಯ. ಮಣಿಕಟ್ಟಿನ ನಾಡಿ ನೋಡಿದೆ, ಬೆರಳು ಆಡಿಸಲು ಹೇಳಿದೆ. ಆಮೇಲೆ ಕಣ್ಣು ಮುಚ್ಚಿಸಿ, ಪೊಲೀಸರ ತೋಳುಪಟ್ಟಿ ಕೂರುವ ಜಾಗದಲ್ಲಿ ಹತ್ತಿ ಆಡಿಸಿದೆ. ಎಡಗಡೆ ಕೂಡಲೇ "ಹೂಂ" ಎಂದ. ಬಲಗಡೆ ಎರಡು ಸಲ ಆಡಿಸಿದರೂ ಮಾತಿಲ್ಲ. ಕೀಲಿನ ಪಕ್ಕದ ನರಕ್ಕೆ ಪೆಟ್ಟಾಗಿತ್ತು. ಅದನ್ನು ಸಮಯದ ಸಮೇತ ಚೀಟಿಯಲ್ಲಿ ಬರೆದು ಅವನ ಅಣ್ಣನ ಕೈಗೆ ಕೊಟ್ಟೆ. ತೋಳನ್ನು ಇದ್ದ ಭಂಗಿಯಲ್ಲೇ ಬಿಟ್ಟು, ಕಂಕುಳಲ್ಲಿ ಮಡಚಿದ ಟವಲ್ ಇಟ್ಟು ಕಟ್ಟಿದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟೆ. ಮಂಪರಿನ ಔಷಧಿ ಬೇಕಾಗಬಹುದೆಂದು ಚಹಾ ಕುಡಿಯಲೂ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಮೇಲೆಯೇ ವೈದ್ಯರು ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸುತ್ತ ಕೂರಿಸಿದರು. ಮತ್ತೊಂದು ಎಕ್ಸ್‌ರೇ ತೆಗೆದರು. ಮೂರು ವಾರ ತೋಳನ್ನು ಕುತ್ತಿಗೆಯಿಂದ ತೂಗುಹಾಕುವ ಜೋಳಿಗೆ, ನಂತರ ವ್ಯಾಯಾಮ. ಸ್ಪರ್ಶ ಮರಳಲು ಎರಡು ತಿಂಗಳು ಹಿಡಿಯಿತು. ಈ ವಯಸ್ಸಿನವರಲ್ಲಿ ಕೀಲು ಮತ್ತೆ ತಪ್ಪುವ ಸಂಭವ ಬಹಳ. ಆದ್ದರಿಂದ ಎರಡೂ ತೋಳುಗಳ ಬಲ ಸರಿಸಮ ಆಗುವವರೆಗೆ, ನಾಲ್ಕು ತಿಂಗಳು, ಅವನನ್ನು ಅಂಕಣಕ್ಕೆ ಇಳಿಸಲಿಲ್ಲ. ಎಷ್ಟು ಬೇಡಿಕೊಂಡರೂ ಇಳಿಸಲಿಲ್ಲ.

ನನ್ನನ್ನು ಇಂದಿಗೂ ಕಾಡುವ ಭುಜ ಬೇರೆ. ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದ ಐವತ್ತೆಂಟರ ತಾಯಿ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ನಾನು ಎತ್ತಿದರೆ ತೋಳು ಮೇಲೇಳುತ್ತಿತ್ತು, ಅವರಾಗಿ ಎತ್ತಲಾಗುತ್ತಿರಲಿಲ್ಲ. ನೋವಿನಿಂದ ಇರಬೇಕೆಂದು ನಾಲ್ಕು ವಾರ ಕಳೆದೆ. ತೋಳೆತ್ತುವ ಸ್ನಾಯುವನ್ನು ಮೂಳೆಗೆ ಕಟ್ಟುವ ಕಂಡರವೇ ಹರಿದಿದೆ ಎಂದು ಸ್ಕ್ಯಾನ್ ಹೇಳಿತು. ಈಗ ನಲವತ್ತು ದಾಟಿದವರು ಬಿದ್ದು ತೋಳು ಎತ್ತಲಾಗದೆ ಬಂದರೆ ಮೊದಲ ವಾರದಲ್ಲೇ ಸ್ಕ್ಯಾನಿಗೆ ಕಳುಹಿಸುತ್ತೇನೆ. ಶಸ್ತ್ರಚಿಕಿತ್ಸೆಯ ನಂತರ ಆ ತಾಯಿ ತಲೆ ಬಾಚಿಕೊಳ್ಳುತ್ತಾರೆ. ಹೂ ಮುಡಿಯುವಾಗ ಮಾತ್ರ ಮಗಳು ಬೇಕು.