ಚಕ್ರ ಗಾಳಿಯಲ್ಲಿ ನಿಂತರೆ ಮೊದಲು ಶಾಕಲ್ ನೋಡಿ
ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವ ಗಾಡಿ ಏರುತಗ್ಗಿನಲ್ಲಿ ಒಂದು ಚಕ್ರ ಎತ್ತಿಕೊಂಡು ನಿಂತಿತೆಂದರೆ ಹಲವರು ನೇರವಾಗಿ ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹುಡುಕುತ್ತಾರೆ. ಸ್ವಲ್ಪ ತಡೆಯಿರಿ, ಮೊದಲು ಶಾಕಲ್ ನೋಡಿ, ಅಂದರೆ ಪಟ್ಟಿಯ ಒಂದು ತುದಿಯನ್ನು ಚಾಸಿಗೆ (ಗಾಡಿಯ ಚೌಕಟ್ಟಿಗೆ) ಜೋಡಿಸುವ, ಓಲಾಡುವ ಕೊಂಡಿ. ಎತ್ತರಿಸಿದ ಮಾತ್ರಕ್ಕೆ ಆಕ್ಸಲ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು) ಹೆಚ್ಚು ಓರೆಯಾಗುವುದಿಲ್ಲ. ಹೊಸ ಪಟ್ಟಿಗಳು ಗಡುಸಾಗಿದ್ದರೆ ಇರುವ ಚಲನೆಯೂ ಕಡಿಮೆಯಾದೀತು.

ಒಂದು ಮುಂಚಕ್ರವನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಕೆಳಗೆ ಮಾತ್ರ ನುಸುಳಬೇಡಿ. ಭಾರ ಬಿದ್ದಾಗ ಬಾಗಿದ ಪಟ್ಟಿ ನೆಟ್ಟಗಾಗಿ ಅದರ ಎರಡು ತುದಿಗಳು ದೂರ ಸರಿಯುತ್ತವೆ, ಇಳಿಬಿದ್ದಾಗ ಹತ್ತಿರ ಬರುತ್ತವೆ. ಆ ವ್ಯತ್ಯಾಸಕ್ಕೆ ಜಾಗ ಕೊಡುವುದೇ ಶಾಕಲ್‌ನ ಕೆಲಸ. ನನ್ನ ಗಾಡಿಯ ಚಾಸಿಯಲ್ಲಿ ಉಗುರಗಲದಷ್ಟು ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು. ಶಾಕಲ್ ಅಲ್ಲೇ ಹೋಗಿ ಗುದ್ದುತ್ತಿತ್ತು.

ಶಾಕಲ್ ಬೋಲ್ಟಿನ ಸುತ್ತ ಕೂರುವ ಬುಷ್ ರಬ್ಬರಿನದಾದರೆ ಆ ಬೋಲ್ಟನ್ನು ಕೊನೆಯದಾಗಿ ಬಿಗಿಯುವುದು ಗಾಡಿಯ ಭಾರ ಚಕ್ರಗಳ ಮೇಲೆ ಕುಳಿತ ನಂತರವೇ. ಜಾಕ್ ಮೇಲಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪಟ್ಟಿಗಳ ನಡುವಿನ ತುಕ್ಕನ್ನೂ ಉಜ್ಜಿ ತೆಗೆಯಿರಿ.

ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸುವವರು ಆಕ್ಸಲ್ ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿದುಕೊಳ್ಳುತ್ತದೆಯೇ ಎಂದು ಕೈಯಿಂದಲೇ ಮುಟ್ಟಿ ನೋಡಿ.