ಜೂನ್‌ಟೀಂತ್ ಹಬ್ಬವನ್ನು ಎರಡು ಹೊತ್ತು ಮಾಡಿದ ಅನುಭವ

ಟೆಕ್ಸಸ್‌ನ ಗುಲಾಮರ ಬಿಡುಗಡೆಯ ನೆನಪಿಗೆ ಜೂನ್ 19ರಂದು ಆಚರಿಸುವ ಹಬ್ಬ ಜೂನ್‌ಟೀಂತ್. ಬೆಳಿಗ್ಗೆ ಅದರ ಮೆರವಣಿಗೆ ಮುಗಿಸಿ ಜನರನ್ನು ಮನೆಗೆ ಕಳಿಸೋಣ, ಸಂಜೆ ಮತ್ತೆ ಕರೆಯೋಣ ಎಂದಾಗ ಸಮಿತಿಯಲ್ಲಿ ಅರ್ಧಕ್ಕರ್ಧ ಜನ ಒಪ್ಪಿರಲಿಲ್ಲ. ಒಮ್ಮೆ ಎಸಿಯ ತಂಪಿಗೆ ಹೋದವರು ಮತ್ತೆ ಮೈದಾನಕ್ಕೆ ಬರುತ್ತಾರೆಯೇ ಎಂಬುದು ಅವರ ಪ್ರಶ್ನೆ. ಬಂದರು. ಬೆಳಗಿನದಕ್ಕಿಂತ ಸಂಜೆಯ ಗುಂಪೇ ದೊಡ್ಡದಾಗಿತ್ತು, ಅಂದಾಜು ಒಂದೂವರೆ ಪಟ್ಟು. ಈಗ ಹ್ಯೂಸ್ಟನ್ ಸುತ್ತಲಿನ ಬೇರೆ ಊರಿನವರು ನಮ್ಮ ವೇಳಾಪಟ್ಟಿ ಕೇಳಿ ಪಡೆಯುತ್ತಿದ್ದಾರೆ. ಟೆಕ್ಸಸ್‌ನಲ್ಲಿ ಯುಗಾದಿ, ರಾಜ್ಯೋತ್ಸವ ನಡೆಸಿದ ಕನ್ನಡ ಸಂಘದವರಿಗೆ ಪರ್ಮಿಟ್, ವಿಮೆ, ಸೌಂಡ್ ಎಲ್ಲ ಗೊತ್ತಿರುವುದೇ. ಅವನ್ನು ಬಿಟ್ಟು ಈ ಹಬ್ಬಕ್ಕೇ ವಿಶೇಷವಾದದ್ದನ್ನು ಬರೆಯುತ್ತೇನೆ. ಹಬ್ಬ ಕಪ್ಪು ಸಮುದಾಯದ್ದು, ತೀರ್ಮಾನ ಚರ್ಚುಗಳ ಹಿರಿಯರದ್ದು. ಲೆಕ್ಕ, ಸಾಮಾನು, ಮೈದಾನ ಮಾತ್ರ ನನ್ನ ಪಾಲಿನ ಕೆಲಸ.

ಮೊದಲು ನಡೆಸುತ್ತಿದ್ದ ಮಧ್ಯಾಹ್ನದ ಹಬ್ಬ ಸೋಲುತ್ತಿದ್ದದ್ದು ಬರೀ ಬಿಸಿಲಿನಿಂದಲ್ಲ. ಜೂನ್‌ನಲ್ಲಿ 95 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಕೊಲ್ಲಿಯ ತೇವದಿಂದ ಮೈಗೆ 105ರ ಮೇಲೆ ಅನಿಸುತ್ತದೆ. ಅದರ ಮೇಲೆ ಎರಡರಿಂದ ಐದರೊಳಗೆ ಗುಡುಗು ಮಳೆ ಬರುವುದು ಇಲ್ಲಿ ಸಾಮಾನ್ಯ. ಒಂದು ಗುಡುಗು ಕೇಳಿದರೆ ಮುಂದಿನ 30 ನಿಮಿಷ ವೇದಿಕೆ ಬಂದ್. ಹಾಗೆ ಎರಡು ಸಲ ನಿಂತರೆ ಜನ ಕಾರು ಹತ್ತುತ್ತಾರೆ. ಈಗ 11ರಿಂದ 6ರವರೆಗೆ ಬಿಡುವು. ಬರುವ ಮಳೆ ಅದರೊಳಗೇ ಬಂದು ಹೋಗುತ್ತದೆ. ಬಿಡುವಿನಲ್ಲಿ ಕ್ಯಾನೊಪಿಗಳನ್ನು (ಮಡಚುವ ಚಪ್ಪರ) ಅರ್ಧಕ್ಕೆ ಇಳಿಸಿ, ಪ್ರತಿ ಕಾಲಿಗೆ 40 ಪೌಂಡ್ ಭಾರ ಕಟ್ಟಬೇಕು. ನೀರಿನ ಜಗ್ ಕಟ್ಟಿ ಸುಮ್ಮನಾದವರ ಕ್ಯಾನೊಪಿ ಪಕ್ಕದ ಸ್ಟಾಲಿನ ಮೇಲೆ ಹೋಗಿ ಕೂತಿದೆ.

ನೀರು ಚಿಮುಕಿಸುವ ಫ್ಯಾನುಗಳನ್ನೂ ಒಂದು ವರ್ಷ ತಂದು ನೋಡಿದೆವು, ಬಾಡಿಗೆಯೇ 700 ಡಾಲರ್ ಹತ್ತಿರ. ಈ ತೇವದ ಗಾಳಿಯಲ್ಲಿ ನೀರು ಆರುವುದಿಲ್ಲ, ಬಟ್ಟೆ ಒದ್ದೆಯಾಗುತ್ತದೆ ಅಷ್ಟೇ. ಅದೇ ದುಡ್ಡಿಗೆ ನೆರಳುಬಲೆ ಮತ್ತು ಬರೀ ಗಾಳಿಯ ದೊಡ್ಡ ಫ್ಯಾನುಗಳು ಬಂದವು. ಸಂಜೆ ಸೊಳ್ಳೆಗೂ ಅವೇ ಮದ್ದು.

ಬೆಳಗಿನದು ಎರಡು ಪಾಲು. ಗುಲಾಮರ ಬಿಡುಗಡೆ ಸಾರಿದ ಅಧ್ಯಕ್ಷ ಲಿಂಕನ್ ಘೋಷಣೆ ಜಾರಿಯಾದದ್ದು 1863ರ ಜನವರಿ 1ಕ್ಕೆ. ಜನರಲ್ ಗಾರ್ಡನ್ ಗ್ರೇಂಜರ್ ಗ್ಯಾಲ್ವೆಸ್ಟನ್‌ನಲ್ಲಿ ಟೆಕ್ಸಸ್‌ನ ಗುಲಾಮರು ಸ್ವತಂತ್ರರೆಂದು ತಿಳಿಸುವ 3ನೇ ಆದೇಶ ಹೊರಡಿಸಿದ್ದು 1865ರ ಜೂನ್ 19ಕ್ಕೆ. ಆ ಎರಡೂವರೆ ವರ್ಷದ ನೆನಪಿಗೆ ಫೋರ್ಟ್‌ವರ್ತ್‌ನ ಹೋರಾಟಗಾರ್ತಿ ಓಪಲ್ ಲೀ ಎರಡೂವರೆ ಮೈಲಿ ನಡೆಯುವ ರೂಢಿ ಹಾಕಿದರು. ನಮ್ಮಲ್ಲೂ ಶಕ್ತಿ ಇದ್ದವರು ಏಳಕ್ಕೆ ಆ ನಡಿಗೆ ಮುಗಿಸುತ್ತಾರೆ. ಎಂಟೂವರೆಯ ಮೆರವಣಿಗೆಯನ್ನು ಒಂದು ಮೈಲಿಗೆ ಇಳಿಸಿದ್ದೇವೆ. ರಸ್ತೆ ಬೇಗ ತೆರೆದದ್ದರಿಂದ ಪೊಲೀಸ್ ಓವರ್‌ಟೈಮ್ ಮೂರು ಸಾವಿರದಿಂದ ಎರಡು ಸಾವಿರ ಡಾಲರ್ ಒಳಗೆ ಬಂತು. ಕುದುರೆಗಳು ಯಾವಾಗಲೂ ಕೊನೆಗೆ, ಅವುಗಳ ಹಿಂದೆ ಸಲಿಕೆ ಹಿಡಿದ ಇಬ್ಬರು. ಡ್ರಮ್‌ಲೈನ್‌ಗೂ (ಡ್ರಮ್ ಬಾರಿಸುವ ತಂಡ) ಕುದುರೆಗೂ ನಡುವೆ ಕಡಿಮೆಯೆಂದರೆ ಐದು ಗಾಡಿ ಇರಲಿ. ಡ್ರಿಲ್ ತಂಡಗಳು ನಿಂತು ಕುಣಿಯುವುದರಿಂದ ಸಾಲು ತುಂಡಾಗುತ್ತದೆ. ಅವರಿಗೆ ತೀರ್ಪುಗಾರರ ಮುಂದೆ ಮಾತ್ರ 90 ಸೆಕೆಂಡ್ ಕೊಟ್ಟು, ಉಳಿದ ದಾರಿಯಲ್ಲಿ ನಡೆಯುತ್ತಲೇ ಆಡಿ ಎಂದು ಮೊದಲೇ ಒಪ್ಪಿಸಿಕೊಳ್ಳುತ್ತೇವೆ.

ಅಡುಗೆಗೆ ಎರಡು ಹೊತ್ತಿನ ಕ್ರಮ ವರವಾಯಿತು. ಮಧ್ಯಾಹ್ನಕ್ಕೆ ಬಡಿಸಬೇಕಿದ್ದಾಗ ಬ್ರಿಸ್ಕೆಟ್ (ದನದ ಎದೆಭಾಗದ ಮಾಂಸ) 190 ಡಿಗ್ರಿ ಫ್ಯಾರನ್‌ಹೀಟಿಗೇ ಬೆಂಕಿಯಿಂದ ಇಳಿದು ರಬ್ಬರಿನಂತೆ ಎಳೆಯುತ್ತಿತ್ತು. ಈಗ ರಾತ್ರಿ ಎರಡಕ್ಕೆ ಬೆಂಕಿ, 13 ಗಂಟೆ 240 ಡಿಗ್ರಿಯಲ್ಲಿ ಬೇಯಿಸಿ, ಒಳಗೆ 203 ಮುಟ್ಟಿದ ಮೇಲೆ ಸುತ್ತಿಟ್ಟು ಎರಡು ಮೂರು ಗಂಟೆ ವಿಶ್ರಾಂತಿ. 40 ತುಂಡು, ಒಂದೊಂದೂ 13 ಪೌಂಡ್. ಬೆಂದಾಗ ಹತ್ತಿರ ಹತ್ತಿರ ಅರ್ಧ ತೂಕ ಹೋಗುತ್ತದೆ. ಕಾಲು ಪೌಂಡಿನಂತೆ ಸಾವಿರ ಜನಕ್ಕೆ ಆಗುತ್ತದೆ. ಇಡುವ ಪೆಟ್ಟಿಗೆಯಲ್ಲಿ 135ಕ್ಕಿಂತ ಇಳಿದರೆ ಆರೋಗ್ಯ ಇಲಾಖೆಯವರು ಎಸೆಯಲು ಹೇಳುತ್ತಾರೆ, ಹೇಳಬೇಕಾದದ್ದೇ. ಮಸಾಲೆಯ ಅಳತೆ ಬೆಂಕಿ ಕಾಯುವ ಹಿರಿಯರ ಮನೆಯ ಸ್ವತ್ತು. ಅದನ್ನು ಬರೆಯುವುದಿಲ್ಲ.

ಈ ಹಬ್ಬಕ್ಕೆ ಕೆಂಪು ಪಾನೀಯ ಇರಲೇಬೇಕು. 1937ರಲ್ಲಿ ವೇಕೋದಲ್ಲಿ ಹುಟ್ಟಿದ ಬಿಗ್ ರೆಡ್ ಸೋಡಾ ಸುಲಭ, ಆದರೆ ನಾವು ಒಣ ದಾಸವಾಳದ ಪಾನಕಕ್ಕೆ ಬಂದೆವು. ಹೆಸರು ದಾಸವಾಳ ಎಂದರೂ ಇದು ನಮ್ಮ ಪುಂಡಿ ಸೊಪ್ಪಿನ ಜಾತಿಯದು, ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿದ್ದು. ಒಂದು ಪೌಂಡಿಗೆ ಎರಡೂವರೆ ಗ್ಯಾಲನ್ ನೀರಿನಲ್ಲಿ ಕುದಿಸಿ ಗಟ್ಟಿ ಕಷಾಯ ಮಾಡಿ, ಬಡಿಸುವಾಗ ಅಷ್ಟೇ ತಣ್ಣೀರು, ಐಸ್ ಸೇರಿಸಬೇಕು. ಹುಳಿ ಹೆಚ್ಚು, ಆದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲೇ ಆಗಬೇಕು. ಶುಂಠಿ ಹಾಕಿದ್ದು ಎಲ್ಲರಿಗೂ ಹಿಡಿಸಿತು, ಏಲಕ್ಕಿ ಹಾಕಿದ್ದು ಮಕ್ಕಳಿಗೆ ಹಿಡಿಸಲಿಲ್ಲ. ಐಸ್ ತಲೆಗೆ ಎರಡು ಪೌಂಡ್ ಲೆಕ್ಕ, ಎರಡು ಕಂತಿನಲ್ಲಿ ತರಿಸಿ. ಒಟ್ಟಿಗೆ ತರಿಸಿದರೆ ಕಾಲು ಭಾಗ ನೀರಾಗಿ ಹೋಗುತ್ತದೆ.

ಜನ ಸಂಜೆ ಮರಳಿ ಬರುವುದು ಊಟಕ್ಕಷ್ಟೇ ಅಲ್ಲ, ಪೂರ್ವಜರ ಹೆಸರು ಕೇಳುವುದಕ್ಕೆ. ಆರೂವರೆಗೆ ಸಂಗೀತ, ಫ್ಯಾನು ಎಲ್ಲ ನಿಲ್ಲಿಸಿ 3ನೇ ಆದೇಶವನ್ನು ಓದುತ್ತೇವೆ. ಒಂದು ವಾಕ್ಯ ಹಿರಿಯರೊಬ್ಬರು, ಮುಂದಿನದು ಹೈಸ್ಕೂಲಿನ ಹುಡುಗಿಯೋ ಹುಡುಗನೋ. ಬಿಡುಗಡೆಯಾದವರು ಈಗಿರುವ ಮನೆಗಳಲ್ಲೇ ಸದ್ದಿಲ್ಲದೆ ಇದ್ದು ಕೂಲಿಗೆ ದುಡಿಯಲಿ ಎಂಬ ಮಾತೂ ಅದರಲ್ಲಿದೆ. ಅದನ್ನು ಕೈಬಿಡಿ ಎಂದವರಿದ್ದಾರೆ. ಹಿರಿಯರು ಬಿಡಲಿಲ್ಲ, ಅದೇ ಸರಿ. ಸ್ವಾತಂತ್ರ್ಯ ಎಂಥ ಷರತ್ತು ಹೊತ್ತು ಬಂತೆಂದು ಮಕ್ಕಳು ಕೇಳಲಿ.

ಆಮೇಲೆ ಊರಿನ ಮನೆತನಗಳ ಪೂರ್ವಜರ ಹೆಸರು. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಸಿಗುತ್ತದೆಯೇ ಹೊರತು ಗುಲಾಮರ ಹೆಸರು ಬಹುತೇಕ ಸಿಗುವುದಿಲ್ಲ. ಬಿಡುಗಡೆಯಾದವರೆಲ್ಲ ಹೆಸರಿನಿಂದ ಜನಗಣತಿಗೆ ಬಂದದ್ದು 1870ರಲ್ಲಿ. ಹಾಗಾಗಿ ಮಾರ್ಚ್‌ನಲ್ಲೇ ಗ್ರಂಥಾಲಯದಲ್ಲಿ ಒಂದು ದಿನ ಹುಡುಕಾಟ, ಮೇ ಮಧ್ಯಕ್ಕೆ ಪಟ್ಟಿ ಬಂದ್, ಉಚ್ಚಾರ ಫೋನಿನಲ್ಲಿ ಖಚಿತ. ಇನ್ನೂರು ಹೆಸರಿಗೆ ಕಾಲು ಗಂಟೆ. ಯಾವ ಕ್ರಮದಲ್ಲಿ ಓದಿದರೆ ಕೊನೆಯ ಹೆಸರಿನವರೆಗೂ ಯಾರೂ ಏಳುವುದಿಲ್ಲ ಎಂಬುದು ನಮ್ಮ ಗುಟ್ಟು, ಅದು ನಮ್ಮಲ್ಲೇ ಇರಲಿ.

ದುಡ್ಡು ಒಟ್ಟು 14,000 ಡಾಲರ್ ಆಸುಪಾಸು. ಒಬ್ಬ ದೊಡ್ಡ ಪ್ರಾಯೋಜಕ ಮೇ ತಿಂಗಳಲ್ಲಿ ಐದು ಸಾವಿರದ ಮಾತು ತಪ್ಪಿದ ಮೇಲೆ, ಯಾರಿಂದಲೂ ಒಟ್ಟು ಖರ್ಚಿನ ಹತ್ತನೇ ಒಂದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. 1872ರಲ್ಲಿ ಹಿಂದೆ ಗುಲಾಮರಾಗಿದ್ದ ಪಾದ್ರಿ ಜಾಕ್ ಯೇಟ್ಸ್ ಮತ್ತಿತರರು ಜನರಿಂದ ಹಣ ಕೂಡಿಸಿ ಹ್ಯೂಸ್ಟನ್‌ನ ಎಮ್ಯಾನ್ಸಿಪೇಶನ್ ಪಾರ್ಕಿನ ಹತ್ತು ಎಕರೆ ಕೊಂಡದ್ದು ಈ ಹಬ್ಬಕ್ಕಾಗಿಯೇ, ಚಂದಾದ ದಾರಿ ಇಲ್ಲಿ ಹಳೆಯದು. ಸ್ಟಾಲಿಗೆ 75, ಊಟದ ಸ್ಟಾಲಿಗೆ 150, ಜೊತೆಗೆ 100 ಠೇವಣಿ. ಸಂಜೆ ಮುಗಿಯುವವರೆಗೆ ಇದ್ದವರಿಗೆ ಠೇವಣಿ ವಾಪಸ್. ಬಿಡುವಿನಲ್ಲಿ ಯಾರೂ ಗಂಟು ಕಟ್ಟದಂತೆ ತಡೆದದ್ದು ಇದೇ.

ಹೊಸ ಖರ್ಚು ಎಂದರೆ ಲೈಟ್ ಟವರ್. ಎಂಟೂ ಕಾಲರ ಮೇಲೆ ಸೂರ್ಯ ಮುಳುಗುತ್ತಾನೆ, ಪಾರ್ಕಿಂಗಿಗೆ ಎರಡು, ಮೈದಾನಕ್ಕೆ ಎರಡು ಬೇಕು. ಫೆಬ್ರವರಿಯಲ್ಲೇ ಮುಂಗಡ ಕೊಟ್ಟುಬಿಡಿ. 2021ರಲ್ಲಿ ರಾಷ್ಟ್ರೀಯ ರಜೆಯಾದ ಮೇಲೆ ನಮ್ಮ ಕಡೆ ಏಪ್ರಿಲ್ ದಾಟಿದರೆ ಆ ವಾರಕ್ಕೆ ಟವರೂ ಇಲ್ಲ, ಶೌಚಾಲಯವೂ ಇಲ್ಲ.